ಕಲ್ಲು ಬಿಟ್ಟ ಉಸಿರು

ಜಹೀರಾಬಾದಿನ ಪಡುವಣಕ್ಕೆ, ಕರ್ನಾಟಕದ ಗಡಿಗೆ ಅಂಟಿಕೊಂಡಂತಿರುವ ಮೊಗುಡಂಪಲ್ಲಿಯು ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಒಂದು ಮಂಡಲ. 2016ರಲ್ಲಿ ಆ ರಾಜ್ಯವು ತನ್ನ ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸಿಕೊಂಡಾಗ ಅದಕ್ಕೆ ಈ ಪದವಿ ಪ್ರಾಪ್ತವಾಯಿತು. ಅದಕ್ಕೆ ಅರುವತ್ತು ವರ್ಷಗಳ ಹಿಂದೆ, 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡನೆಯ ಶಾಸನವು ಜಾರಿಗೆ ಬಂದ ಕಾಲದಲ್ಲಿ, ನಿರ್ಣಾ ವಲಯವೊಂದನ್ನುಳಿದು ಮಿಕ್ಕ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿಗೆ ಸೇರಿದ್ದ ನ್ಯಾಲಕಲ್ ವಲಯ, ನಾರಾಯಣಖೇಡ ತಾಲ್ಲೂಕು, ಇವಿಷ್ಟೂ ಬೀದರ ಜಿಲ್ಲೆಯಿಂದ ಬೇರ್ಪಟ್ಟುವು. ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಕಲಬುರ್ಗಿ ಜಿಲ್ಲೆಯಿಂದ ಬೇರ್ಪಟ್ಟುವು. ಎಲ್ಲವೂ ಅಂದಿನ ಆಂಧ್ರಪ್ರದೇಶಕ್ಕೆ ಸಂದುವು. ಆಡಳಿತದ ಗೆರೆಗಳು ಹೀಗೆ ಸರಿದಾಡಿದರೂ ಗೋಡೆ ಕಟ್ಟುವ ಗೌಂಡಿಯ ಬಾಯಲ್ಲಿ ಗಚ್ಚು, ಗಾರೆ, ಭಟ್ಟಿ, ಫರ್ಸಿ ಎಂಬ ಮಾತುಗಳು ಗಡಿಯ ಈಚೆಗೂ ಆಚೆಗೂ ಅವೇ ಆಗಿ ಉಳಿದುವು. ಆ ಕಸುಬಿಗೆ ಬೇಕಾದ ಸಾಮಗ್ರಿಯನ್ನು ಒದಗಿಸುವ ನೆಲವು ಇಡಿಯಾಗಿ ಒಂದೇ ಆಗಿರುವಾಗ ಮಾತು ಬೇರೆಯಾಗಲು ಕಾರಣವೂ ಇರಲಿಲ್ಲ.

ಆ ನೆಲದ ಸ್ವರೂಪವನ್ನು ಕೊಂಚ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಮುಂದೆ ಬರುವ ರಸಾಯನದ ತೊಡಕೆಲ್ಲ ಅದರಿಂದಲೇ ಹುಟ್ಟತಕ್ಕದ್ದು. ಬೀದರ ಕೋಟೆಯು ನಿಂತಿರುವ ಪ್ರಸ್ಥಭೂಮಿಯು ಜಂಬಿಟ್ಟಿಗೆಯದು. ಅದರ ಕೆಂಪು ಹಾಸು ದಕ್ಷಿಣಕ್ಕೆ ಹಬ್ಬಿ ಜಹೀರಾಬಾದಿನ ಸುತ್ತಣ ಹೊಲಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇದರ ಅಡಿಯಲ್ಲಿರುವುದು ಡೆಕ್ಕನ್ ಟ್ರಾಪ್ ಎಂದು ಭೂವಿಜ್ಞಾನಿಗಳು ಕರೆಯುವ ಕಪ್ಪು ಅಗ್ನಿಶಿಲೆ. ಆ ಶಿಲೆ ಶಿಥಿಲವಾಗಿ ಆದ ಎರೆಭೂಮಿಯಲ್ಲಿಯೂ ಹಳ್ಳಗಳ ದಂಡೆಗಳಲ್ಲಿಯೂ, ಮಳೆಯ ನೀರು ಕರಗಿಸಿ ತಂದ ಸುಣ್ಣವು ಮಣ್ಣಿನೊಡನೆ ಬೆರೆತು ಗಂಟುಗಂಟಾಗಿ ಹೆಪ್ಪುಗಟ್ಟಿದ ಕಂಕರವು ದೊರೆಯುತ್ತದೆ. ಇನ್ನೂ ತೆಂಕಕ್ಕೆ, ಕಾಗಿಣಾ ನದಿಯ ಕಣಿವೆಯಲ್ಲಿ, ಕಪ್ಪು ಶಿಲೆಯ ಹೊದಿಕೆ ಸವೆದುಹೋದ ಕಡೆಗಳಲ್ಲಿ ತಾಂಡೂರು, ಸೇಡಂ, ಮಳಖೇಡ, ಚಿತ್ತಾಪುರ, ಶಹಾಬಾದುಗಳ ಸುಣ್ಣಕಲ್ಲು ಹೊರಬೀಳುತ್ತದೆ. ಭೀಮಾ ಶಿಲಾಸಮೂಹವೆಂದು ಹೆಸರಾದ ಈ ಕಲ್ಲು ಬಹುಪುರಾತನವಾದೊಂದು ಸಮುದ್ರದ ತಳದಲ್ಲಿ ಪದರಪದರವಾಗಿ ಕೂಡಿದುದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ದಕ್ಷಿಣ ಮರಾಠಾ ಸೀಮೆಯನ್ನೂ ಅದರ ನೆರೆಯ ಜಿಲ್ಲೆಗಳನ್ನೂ ಕುರಿತು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿಸ್ತಾರವಾದ ವರ್ಣನೆಯುಂಟು. ಉಳಿಯಿಟ್ಟು ಹದವರಿತು ತಟ್ಟಿದರೆ ಪದರಕ್ಕೆ ಪದರವೇ ಬಿಟ್ಟುಕೊಡುವ ಈ ಕಲ್ಲನ್ನು ಶಹಾಬಾದಿ ಫರ್ಸಿಯೆಂದೂ ತಾಂಡೂರು ಕಲ್ಲೆಂದೂ ದೇಶವೆಲ್ಲ ಬಲ್ಲುದು. ಮನೆಯ ನೆಲಕ್ಕೆ, ಅಟ್ಟಕ್ಕೆ, ಹಿತ್ತಿಲ ಗೋಡೆಗೆ, ಹಲವೆಡೆ ಸೂರಿಗೂ ಅದೇ.

ಫರ್ಸಿಯ ಕೀರ್ತಿ ದೊಡ್ಡದು. ಆದರೆ ಫರ್ಸಿಗೆ ಯೋಗ್ಯವಲ್ಲದೆ ಒಡೆದುಹೋದ ತುಂಡುಗಳ ಗತಿಯೇನಾಯಿತೆಂದು ಕೇಳುವವರು ವಿರಳ. ಅವು ಸುಣ್ಣ ಬೇಯಿಸುವ ಭಟ್ಟಿಗೆ ಹೋದುವು. ಕಂಕರವೂ ಭಟ್ಟಿಗೆ ಹೋಯಿತು. ಬಹಮನಿ ಸುಲ್ತಾನ ಅಹಮದ್ ಶಾಹನು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ಸಾಗಿಸಿ ಕೋಟೆಯನ್ನು ಹೊಸದಾಗಿ ಕಟ್ಟಿಸತೊಡಗಿದ ದಿನದಿಂದ, ಖ್ವಾಜಾ ಮಹಮೂದ್ ಗವಾನನು 1472ರಲ್ಲಿ ಮೂರಂತಸ್ತಿನ ಮದರಸವನ್ನು ಮುಗಿಸಿದ ದಿನದವರೆಗೂ, ಅನಂತರ ಬರೀದಶಾಹಿಗಳ ಗೋರಿಗಳು ಎದ್ದ ಕಾಲದಲ್ಲಿಯೂ, ಭಟ್ಟಿಯಲ್ಲಿ ಸುಣ್ಣ ಬೇಯಿಸುವ ಈ ಸೀಮೆಯ ಸುಣಗಾರರಿಗೆ ಬಿಡುವೆಂಬುದು ಇದ್ದಿರಲಾರದು. ಕೋಟೆಯ ಗೋಡೆಗೆ ಕೆಂಪುಕಲ್ಲನ್ನು ಕಡಿದವರನ್ನೂ, ಮದರಸದ ಮಿನಾರಿಗೆ ಬಣ್ಣದ ಹೆಂಚುಗಳನ್ನು ಹೊಂದಿಸಿದವರನ್ನೂ ಇತಿಹಾಸಕಾರರು ಪ್ರಶಂಸಿಸಿದ್ದಾರೆ. ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರದ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತ ಬೃಹದ್ಗ್ರಂಥವನ್ನು ತಿರುವಿಹಾಕಿದವರಿಗೆ ಆ ಕಟ್ಟಡಗಳ ಒಂದೊಂದು ಕಮಾನೂ ಪರಿಚಿತವೇ. ಆ ಕಲ್ಲನ್ನೂ ಹೆಂಚನ್ನೂ ಹಿಡಿದು ನಿಲ್ಲಿಸಿದ ಬಿಳಿಯ ಪದಾರ್ಥವನ್ನು ಬೇಯಿಸಿದವರಿಗೆ ಮಾತ್ರ ಪುಟದ ಅಂಚಿನಲ್ಲಿಯೂ ಎಡೆ ದೊರೆಯಲಿಲ್ಲ. ಮದರಸದ ಒಂದು ಭಾಗವು ಹದಿನೇಳನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮದ್ದಿನ ಸ್ಫೋಟಕ್ಕೆ ಸಿಕ್ಕಿ ಹಾರಿಹೋಯಿತು. ಆದರೂ ಉಳಿದ ಮಿನಾರಿನ ಮೇಲೆ ಹೆಂಚುಗಳು ಇನ್ನೂ ಅಂಟಿಕೊಂಡಿರುವುದನ್ನು ನೋಡಿದವರು ಆ ಗಾರೆಯ ಗುಣವನ್ನು ತಾವೇ ಊಹಿಸಿಕೊಳ್ಳಬಹುದು.

ಸುಣ್ಣದ ಭಟ್ಟಿಯು ನೋಡಲು ತೀರ ಸರಳವಾದ ರಚನೆ. ಮೇಲೆ ಬಾಯ್ದೆರೆದ, ಬುಡದಲ್ಲಿ ಗಾಳಿಗಂಡಿಯುಳ್ಳ ದುಂಡನೆಯ ಗೂಡು. ಅದರೊಳಗೆ ಕಟ್ಟಿಗೆಯದೊಂದು ಹಾಸು, ಮುಷ್ಟಿಗಾತ್ರಕ್ಕೆ ಒಡೆದ ಕಲ್ಲಿನದೊಂದು ಹಾಸು, ಮತ್ತೆ ಕಟ್ಟಿಗೆ, ಮತ್ತೆ ಕಲ್ಲು. ಬೆಂಕಿಯಿಟ್ಟ ಮೊದಲಲ್ಲಿ ಹಸಿ ಕಟ್ಟಿಗೆಯ ಮತ್ತು ಕಲ್ಲಿನ ತೇವವೆಲ್ಲ ದಟ್ಟವಾದ ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ತೆಳುವಾಗಿ, ಬಳಿಕ ಕಣ್ಣಿಗೆ ಕಾಣದಂತಾಗಿ, ಬಾಯಿಯ ಮೇಲಣ ಗಾಳಿಯು ಬರಿದೆ ನಡುಗತೊಡಗಿದಾಗ ನಿಜವಾದ ಕೆಲಸವು ಆರಂಭವಾಯಿತೆಂದು ಅರ್ಥ. ಕಲ್ಲು ಮಂದ ಕೆಂಪಿನಿಂದ ಕಿತ್ತಳೆಯ ಕೆಂಪಿಗೆ ತಿರುಗಿ ಆ ಬಣ್ಣದಲ್ಲಿಯೇ ಗಂಟೆಗಟ್ಟಲೆ ನಿಲ್ಲಬೇಕು. ಕಟ್ಟಿಗೆ ಉಳಿಸುವ ಆಸೆಯಿಂದ ಬೇಗನೆ ಆರಿಸಿದರೆ ಹೊರಗೆ ಬೆಂದು ಒಳಗೆ ಹಸಿಯಾದ ಗಟ್ಟಿ ಉಳಿಯುತ್ತದೆ. ಜೇಡಿಯ ಅಂಶ ಹೆಚ್ಚಾಗಿರುವ ಕಂಕರವನ್ನು ಮಿತಿಮೀರಿ ಬೇಯಿಸಿದರೆ ಅದು ಗಾಜುಗಟ್ಟಿ, ನೀರು ಹಾಕಿದರೂ ಅರಳದೆ ಹೋಗುತ್ತದೆ. ಬೆಂದ ಕಲ್ಲನ್ನು ಕೈಗೆತ್ತಿಕೊಂಡರೆ ಅದರ ಗಾತ್ರ ಬಹುಮಟ್ಟಿಗೆ ಹಾಗೆಯೇ ಇರುವುದು, ತೂಕ ಮಾತ್ರ ಇಳಿದಿರುವುದು. ಅದರ ಮೇಲೆ ನೀರು ಚಿಮುಕಿಸಿದ ಕೂಡಲೆ ಸುಯ್ಯೆಂದು ಸದ್ದುಮಾಡಿ, ಉಬ್ಬಿ, ಬಿರಿದು, ತನ್ನದೇ ಬಿಸಿಯಿಂದ ಹಬೆಯೆಬ್ಬಿಸಿ, ಕೊನೆಗೆ ನುಣುಪಾದ ಹಿಟ್ಟಾಗಿ ಬೀಳುವುದು. ಬೇಯದ ಗಟ್ಟಿಗಳು ಮಾತ್ರ ಅರಳದೆ ಉಳಿಯುವುವು. ಪ್ರಾಮಾಣಿಕನಾದ ಕೆಲಸಗಾರನು ಅವನ್ನು ಜರಡಿಯಲ್ಲಿ ಬೇರೆ ಮಾಡುವನು, ಅವಸರದವನು ಹಾಗೆಯೇ ಗಾಣಕ್ಕೆ ತಳ್ಳುವನು. ಈ ಗಟ್ಟಿಗಳನ್ನು ಓದುಗರು ಜ್ಞಾಪಕದಲ್ಲಿಡಬೇಕು. ಪ್ರಬಂಧದ ಕೊನೆಯಲ್ಲಿ ಅವುಗಳಿಂದ ಕೆಲಸವಿದೆ.

ಅರಳಿದ ಸುಣ್ಣವನ್ನು ನೀರಿನಲ್ಲಿ ಮುಳುಗಿಸಿ ದಿನಗಟ್ಟಲೆ ಕೊಳೆಹಾಕಿ, ಬಳಿಕ ವೃತ್ತಾಕಾರದ ಕಾಲುವೆಯಲ್ಲಿ ಕಲ್ಲಿನ ಗಾಲಿ ಉರುಳುವ ಗಾಣದಲ್ಲಿ ಮರಳು ಮತ್ತು ಇಟ್ಟಿಗೆಪುಡಿಯಾದ ಸುರಕಿಯೊಡನೆ ಅರೆಯುವುದು ದಖ್ಖನದ ಪದ್ಧತಿ. ಎತ್ತು ಎಷ್ಟು ಸುತ್ತು ತಿರುಗಿತೋ ಗಾರೆಗೆ ಅಷ್ಟು ಜಿಗುಟು. ಇದಕ್ಕೆ ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು, ಅಳಲೆಕಾಯಿಯ ಕಷಾಯ, ಉದ್ದಿನ ಲೋಳೆ ಇತ್ಯಾದಿಗಳನ್ನು ಬೆರೆಸುವ ರೂಢಿಯು ಗೌಂಡಿಗಳ ಪರಂಪರೆಯಲ್ಲಿ ಇಂದಿಗೂ ಉಂಟು. ಅವುಗಳ ಪ್ರಮಾಣವನ್ನು ಕೇಳಿದರೆ ಒಬ್ಬೊಬ್ಬನದು ಒಂದೊಂದು ಲೆಕ್ಕ. ಪ್ರತಿಯೊಬ್ಬನೂ ತನ್ನ ಅಜ್ಜನ ಲೆಕ್ಕವೇ ಸರಿಯೆನ್ನುವನು. ಕಟ್ಟಿದ ಗೋಡೆಯೊಳಗೆ ಈ ಗಾರೆಯು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ.

ಬೆಂದ ಕಲ್ಲಿನ ತೂಕ ಇಳಿಯುವುದೇಕೆ? ಭಟ್ಟಿಯವರಿಗೆ ಇದು ಪ್ರತಿನಿತ್ಯದ ಅನುಭವ. ಶುದ್ಧವಾದ ನೂರು ಸೇರು ಕಲ್ಲು ಪೂರ್ತಿಯಾಗಿ ಬೆಂದರೆ ಕೈಗೆ ಬರುವುದು ಐವತ್ತಾರು ಸೇರು, ಉಳಿದ ನಲವತ್ತನಾಲ್ಕು ಎಲ್ಲಿಗೋ ಹೋಗಿರುತ್ತದೆ. ಹೋದುದು ಎಷ್ಟೆಂಬುದನ್ನು ತಕ್ಕಡಿ ಹೇಳೀತು; ಹೋದುದು ಏನೆಂಬುದನ್ನು ತಕ್ಕಡಿ ಹೇಳಲಾರದು. ನಾನು ಹೇಳಬೇಕೆಂದಿರುವ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ಬೆಳೆದು ಬಹುಕಾಲದ ಮೇಲೆ ಒಂದೇ ಯಂತ್ರದಲ್ಲಿ ಸೇರಿಕೊಂಡ ಇತಿಹಾಸ. ಮೊದಲ ಉತ್ತರ ಬಂದುದು ಸ್ಕಾಟ್ಲೆಂಡಿನಿಂದ. ಮೂತ್ರಾಶಯದ ಕಲ್ಲನ್ನು ಕರಗಿಸಲು ಸುಣ್ಣದ ತಿಳಿನೀರಿಗಿಂತ ಸೌಮ್ಯವಾದ ಔಷಧವುಂಟೋ ಎಂದು ಹುಡುಕುತ್ತಿದ್ದ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯನು, ಕಾಯಿಸುವುದಕ್ಕೆ ಮುಂಚೆಯೂ ಅನಂತರವೂ ಪ್ರತಿಯೊಂದನ್ನೂ ತೂಗುವ ಹಟ ಹಿಡಿದು, ಸುಣ್ಣಕಲ್ಲಿನಿಂದ ಹೊರಡುವುದು ಒಂದು ವಿಶಿಷ್ಟವಾದ ಗಾಳಿಯೆಂದೂ, ಅದೇ ಗಾಳಿಯನ್ನು ಮರಳಿ ಪಡೆದಾಗ ಸುಣ್ಣವು ಪೂರ್ವಸ್ಥಿತಿಗೆ ಹಿಂದಿರುಗುವುದೆಂದೂ 1756ರಲ್ಲಿ ಪ್ರಕಟಪಡಿಸಿದನು. ಕಲ್ಲಿನಲ್ಲಿ ಕಟ್ಟುಬಿದ್ದಿದ್ದ ಆ ಗಾಳಿಯೇ ಇಂಗಾಲದ ಡೈ ಆಕ್ಸೈಡು. ಅದೇ ವರ್ಷ ಎಡ್ಡಿಸ್ಟೋನ್ ದೀಪಸ್ತಂಭದ ಕೆಲಸಕ್ಕೆ ತೊಡಗಿದ್ದ ಜಾನ್ ಸ್ಮೀಟನ್ನನು, ಜೇಡಿ ಬೆರೆತ ಸುಣ್ಣಕಲ್ಲಿನಿಂದ ಮಾಡಿದ ಸುಣ್ಣವು ನೀರಿನೊಳಗೂ ಗಟ್ಟಿಯಾಗುವುದನ್ನು ಕಂಡುಕೊಂಡನು. ನಮ್ಮ ಕಂಕರದ ಸುಣ್ಣದ ಗುಣವೂ ಅದೇ ಜಾತಿಯದು.

ಏನು ಹೋಯಿತೆಂಬ ಪ್ರಶ್ನೆಗೆ ಬೆಳಕಿನ ಮೂಲಕ ಉತ್ತರ ಹೇಳುವ ಶಾಸ್ತ್ರವು ಹುಟ್ಟಿದ್ದು ಅದಕ್ಕೆ ನೂರು ವರ್ಷಗಳ ಮೇಲೆ, ಹೈಡೆಲ್‌ಬರ್ಗಿನಲ್ಲಿ. ಜ್ವಾಲೆಯಲ್ಲಿ ಕಾಯಿಸಿದ ಪ್ರತಿಯೊಂದು ಧಾತುವೂ ತನ್ನವೇ ಆದ ಬಣ್ಣದ ಗೆರೆಗಳನ್ನು ಚೆಲ್ಲುವುದೆಂದು ಕಿರ್ಕಾಫ್ ಮತ್ತು ಬುನ್ಸೆನ್ನರು 1859–60ರಲ್ಲಿ ತೋರಿಸಿಕೊಟ್ಟರು. ಪಟ್ಟಕದ ಮೂಲಕ ನೋಡಿದಾಗ ಕಾಣುವ ಆ ಗೆರೆಗಳ ಸಾಲೇ ರೋಹಿತ. ಈ ನೂತನ ವಿದ್ಯೆಗೆ ಪರೀಕ್ಷೆಯ ದಿನ ಬಂದಾಗ ಅದಕ್ಕೆ ವೇದಿಕೆಯಾದ ನೆಲಗಳಲ್ಲಿ ನಮ್ಮ ನಾಡೂ ಒಂದೆಂಬುದು ಸಂತೋಷದ ಸಂಗತಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಜಾನ್ಸೆನ್ ಎಂಬ ಫ್ರೆಂಚ್ ವಿದ್ವಾಂಸನು ಗುಂಟೂರಿನಲ್ಲಿಯೂ, ಖಗೋಳವಿಜ್ಞಾನಿಗಳ ಮನೆತನದ ಮೂರನೆಯ ತಲೆಮಾರಿನವನಾದ ಲೆಫ್ಟಿನೆಂಟ್ ಜಾನ್ ಹರ್ಷೆಲ್ಲನು ಜಮಖಂಡಿಯಲ್ಲಿಯೂ ರೋಹಿತದರ್ಶಕಗಳನ್ನು ಹೂಡಿದ್ದರು. ಮೋಡಗಳ ಕಾಟದ ನಡುವೆಯೂ ಹರ್ಷೆಲ್ಲನು ಸೂರ್ಯನ ಅಂಚಿನಲ್ಲಿ ಚಾಚಿದ ಜ್ವಾಲೆಗಳ ರೋಹಿತದಲ್ಲಿ ಉಜ್ವಲವಾದ ರೇಖೆಗಳನ್ನು ಕಂಡನು. ಆ ಜ್ವಾಲೆಗಳು ಉರಿಯುವ ಅನಿಲವೆಂಬುದು ಅದರಿಂದ ಸಿದ್ಧವಾಯಿತು. ಕೋಟ್ಯಂತರ ಮೈಲಿಯಾಚೆಯ ಅನಿಲವನ್ನು ಗುರುತಿಸಬಲ್ಲ ವಿದ್ಯೆಗೆ ಜಮಖಂಡಿಯ ಭಟ್ಟಿಯೊಂದರ ಬಾಯಿಂದೇಳುವ ಅನಿಲವನ್ನು ಗುರುತಿಸುವ ಬಯಕೆ ಮಾತ್ರ ಅಂದು ಯಾರಲ್ಲಿಯೂ ಮೂಡಲಿಲ್ಲ.

ಇತ್ತ ಶಾಖದ ಶಾಸ್ತ್ರವು ತನ್ನ ದಾರಿಯಲ್ಲಿ ತಾನು ನಡೆದಿತ್ತು. ಹೆನ್ರಿ ಲ ಶಾಟಲ್ಯೇ ಎಂಬ ಫ್ರೆಂಚ್ ರಸಾಯನಜ್ಞನು 1887ರಲ್ಲಿ ಸುಣ್ಣ ಸಿಮೆಂಟುಗಳ ಗಾರೆಯನ್ನು ಕುರಿತ ತನ್ನ ಪ್ರಬಂಧವನ್ನು ಒಪ್ಪಿಸಿದ ವರ್ಷವೇ ಜೇಡಿಮಣ್ಣುಗಳನ್ನು ಒಂದೇ ವೇಗದಲ್ಲಿ ಕಾಯಿಸಿ, ಅವುಗಳ ಉಷ್ಣತೆಯನ್ನು ನಿಯತವಾದ ಕಾಲಾಂತರಗಳಲ್ಲಿ ಬೆಳಕಿನ ಗೆರೆಗಳಾಗಿ ಛಾಯಾಚಿತ್ರದ ತಟ್ಟೆಯ ಮೇಲೆ ಮೂಡಿಸಿದನು. ಮಣ್ಣು ತನ್ನೊಳಗಿನ ನೀರನ್ನು ಬಿಡುವ ಹೊತ್ತಿನಲ್ಲಿ ಶಾಖವು ಆ ಕೆಲಸಕ್ಕೆ ವ್ಯಯವಾಗುವುದರಿಂದ ಉಷ್ಣತೆಯ ಏರಿಕೆ ಕುಂಟುತ್ತದೆ. ತಟ್ಟೆಯ ಮೇಲೆ ಗೆರೆಗಳು ಅಲ್ಲಿ ಒತ್ತೊತ್ತಾಗಿ ಬೀಳುತ್ತವೆ. ಉಷ್ಣ ವಿಶ್ಲೇಷಣೆಯ ಆದಿ ಇದೇ ಎಂದು ವಿದ್ವಾಂಸರ ಮತ. ಲಂಡನ್ನಿನ ಟಂಕಸಾಲೆಯ ರಾಬರ್ಟ್ಸ್ ಆಸ್ಟೆನ್ನನು 1899ರಲ್ಲಿ, ಪರೀಕ್ಷೆಯ ಪದಾರ್ಥದ ಪಕ್ಕದಲ್ಲಿಯೇ ಶಾಖದಿಂದ ಯಾವ ವಿಕಾರವನ್ನೂ ಹೊಂದದ ಇನ್ನೊಂದು ಪದಾರ್ಥವನ್ನಿಟ್ಟು, ಎರಡರ ಉಷ್ಣತೆಯ ಅಂತರವನ್ನಷ್ಟೇ ಅಳೆಯುವ ಉಪಾಯವನ್ನು ತಂದನು. ಜಪಾನಿನ ಕೋಟಾರೋ ಹೋಂಡಾ 1915ರಲ್ಲಿ ತಕ್ಕಡಿಯ ಒಂದು ತೋಳನ್ನು ಕುಲುಮೆಯೊಳಗೆ ಇಳಿಬಿಟ್ಟು, ಪದಾರ್ಥವು ಕಾಯುತ್ತಿರುವಾಗಲೇ ಅದರ ತೂಕವನ್ನು ಎಡೆಬಿಡದೆ ಓದುವಂತೆ ಮಾಡಿ, ಆ ಉಪಕರಣಕ್ಕೆ ಉಷ್ಣತುಲೆಯೆಂದು ಹೆಸರಿಟ್ಟನು. ಅವನು ಮೊದಮೊದಲು ಅದರಲ್ಲಿಟ್ಟು ನೋಡಿದ ಪದಾರ್ಥಗಳಲ್ಲಿ ಸುಣ್ಣಕಲ್ಲಿನ ಸಾರವಾದ ಕ್ಯಾಲ್ಸಿಯಂ ಕಾರ್ಬೊನೇಟೂ ಒಂದು.

ಈ ಕುಲುಮೆಗಳು ಪ್ರಯೋಗಶಾಲೆಯಲ್ಲಿ ಸೂಕ್ಷ್ಮವಾಗುತ್ತಿದ್ದ ಕಾಲದಲ್ಲಿಯೇ ಕಾಗಿಣಾ ಕಣಿವೆಯ ಭಟ್ಟಿಗಳು ಆರತೊಡಗಿದುದು ಇತಿಹಾಸದ ಒಂದು ವಕ್ರಗತಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ 1874ರಲ್ಲಿ ತೆರೆದು, ಚಿತ್ತಾಪುರ, ಸೇಡಂ, ತಾಂಡೂರುಗಳ ಫರ್ಸಿಗೆ ಹೊರಗಿನ ಪೇಟೆ ದೊರೆತಿತ್ತು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟಿನ ಕಾರ್ಖಾನೆಯೆದ್ದಿತು. 1936ರಲ್ಲಿ ಹತ್ತು ಕಂಪೆನಿಗಳು ಕೂಡಿ ಎ.ಸಿ.ಸಿ. ಸ್ಥಾಪಿತವಾದಾಗ ಅದೂ ಅದರಲ್ಲಿ ಲೀನವಾಯಿತು. ಸ್ವಾತಂತ್ರ್ಯಾನಂತರ, ವಿಶೇಷವಾಗಿ 1980ರ ದಶಕದಲ್ಲಿ, ಸೇಡಂ, ಮಳಖೇಡ, ತಾಂಡೂರುಗಳ ಸುತ್ತ ಕಾರ್ಖಾನೆಗಳು ಒಂದರ ಮೇಲೊಂದು ಬಂದುವು. ಕಲ್ಲು ಅದೇ, ಬೆಂಕಿ ಹೆಚ್ಚು. ಸುಣ್ಣಕಲ್ಲನ್ನೂ ಜೇಡಿಯನ್ನೂ ಸೇರಿಸಿ 1450 ಡಿಗ್ರಿಯವರೆಗೆ ಕಾಯಿಸುವ ಈ ವಿದ್ಯೆಯ ಮುಂದೆ 900 ಡಿಗ್ರಿಯ ಹಳ್ಳಿಯ ಭಟ್ಟಿ ನಿಲ್ಲಲಿಲ್ಲ. ಸುಣಗಾರ ಎಂಬುದು ಉತ್ತರ ಕರ್ನಾಟಕದಲ್ಲಿ ಇಂದು ಬಹುಮಟ್ಟಿಗೆ ಒಂದು ಅಡ್ಡಹೆಸರು. ಎಲೆಅಡಿಕೆಯ ಸುಣ್ಣವೂ ಪ್ಲಾಸ್ಟಿಕ್ಕಿನ ಕೊಳವೆಯಲ್ಲಿ ಬರುತ್ತದೆ. ಇದರಲ್ಲಿ ಅತಿಯಾಗಿ ವ್ಯಸನಪಡತಕ್ಕದ್ದೇನೂ ಇಲ್ಲ, ಆ ದುಡಿಮೆ ಕಣ್ಣು ಶ್ವಾಸಕೋಶಗಳನ್ನು ಸುಡುವಂಥದು. ಆದರೆ ಹಳೆಯ ಕಟ್ಟಡಗಳ ಬಿರುಕಿಗೆ ಸಿಮೆಂಟನ್ನು ತುಂಬಿ ದುರಸ್ತಿ ಮಾಡಹೊರಟ ದಿನ ಬೇರೊಂದು ನಷ್ಟವು ಗೋಚರವಾಯಿತು. ಸಿಮೆಂಟು ಗಡಸು, ನೀರನ್ನು ಆಚೆ ಬಿಡದು; ಸುಣ್ಣದ ಗಾರೆಯು ಮೃದು, ಒಳಗಿನ ತೇವವನ್ನು ಉಸಿರಾಡಿಸಬಲ್ಲುದು. ಹೊರಹೋಗಲಾರದ ತೇವವು ಲವಣಗಳನ್ನು ಹೊತ್ತು ಹಳೆಯ ಕಲ್ಲಿನ ಕಡೆಗೇ ತಿರುಗಿ ಅದನ್ನೇ ಉದುರಿಸುತ್ತದೆ. ಆದುದರಿಂದ ಹಳೆಯ ಗಾರೆಗೆ ಹೊಂದುವ ಗಾರೆಯನ್ನೇ ಮಾಡಬೇಕು, ಮಾಡಬೇಕಾದರೆ ಅದರಲ್ಲಿ ಏನಿತ್ತೆಂಬುದನ್ನು ಅರಿಯಬೇಕು, ಬಲ್ಲವನೋ ಸಮಾಧಿಯಲ್ಲಿದ್ದಾನೆ. ಉಳಿದ ದಾರಿಯೆಂದರೆ ಅವನ ಗಾರೆಯನ್ನೇ ಮತ್ತೊಮ್ಮೆ ಬೆಂಕಿಗೆ ಹಾಕಿ ಕೇಳುವುದು.

ಶಾಖವನ್ನೂ ರೋಹಿತವನ್ನೂ ಒಂದೇ ಯಂತ್ರದಲ್ಲಿ ಜೋಡಿಸುವ ಸಾಧ್ಯತೆಯು ಆ ಹೊತ್ತಿಗೆ ಕೈಗೂಡಿತ್ತು. ಅಣುಗಳನ್ನು ವಿದ್ಯುದಾವಿಷ್ಟವಾಗಿಸಿ ಅವುಗಳ ಭಾರಕ್ಕನುಸಾರವಾಗಿ ಬೇರ್ಪಡಿಸುವ ದ್ರವ್ಯರಾಶಿ ರೋಹಿತದ ಉಪಕರಣವನ್ನು ಆಸ್ಟನ್ನನು 1919ರಲ್ಲಿ ಕೇಂಬ್ರಿಜ್ಜಿನಲ್ಲಿ ನಿರ್ಮಿಸಿದ್ದನು. ಲಾಂಗರ್ ಮತ್ತು ಗೋಲ್ಕೆ ಎಂಬವರು 1963ರಲ್ಲಿ ಕಾಯುತ್ತಿರುವ ಪದಾರ್ಥದ ಅನಿಲಗಳನ್ನು ಅಂಥ ಉಪಕರಣದಲ್ಲಿಯೇ ಹಿಡಿದು ನೋಡಿದರು. 1968ರಲ್ಲಿ ಜಿಟೋಮರ್ ಎಂಬವನು ಉಷ್ಣತುಲೆಯನ್ನೂ ದ್ರವ್ಯರಾಶಿ ರೋಹಿತಮಾಪಕವನ್ನೂ ಜೋಡಿಸಿದ ವಿಧಾನವನ್ನು ಪ್ರಕಟಿಸಿದನು. ಅವಕೆಂಪು ಕಿರಣಗಳನ್ನು ಅನಿಲದ ಮೂಲಕ ಹಾಯಿಸಿ, ಯಾವ ಕಿರಣವು ಹೀರಲ್ಪಟ್ಟಿತೆಂಬುದರಿಂದ ಅಣುವನ್ನು ಗುರುತಿಸುವ ಇನ್ನೊಂದು ಬಗೆಯ ಜೋಡಣೆಯೂ ಬಳಕೆಗೆ ಬಂದಿತು. ಯಂತ್ರದ ಕ್ರಮವು ಇಂತು: ಕೆಲವೇ ಮಿಲಿಗ್ರಾಂ ಗಾರೆಯ ಪುಡಿಯನ್ನು ಬೆರಳುಗುರಿನಷ್ಟು ಮೂಸೆಯಲ್ಲಿಟ್ಟು, ನಿಮಿಷಕ್ಕೆ ಹತ್ತು ಡಿಗ್ರಿಯಂತೆ ಕಾಯಿಸುತ್ತ, ಅದರ ಮೇಲೆ ಹೀಲಿಯಂ ಇಲ್ಲವೆ ಆರ್ಗಾನಿನಂಥ ಜಡ ಅನಿಲವನ್ನು ಮೆಲ್ಲನೆ ಹರಿಯಿಸಲಾಗುವುದು, ಹೊರಟ ಉಸಿರನ್ನೆಲ್ಲ ಆ ಹರಿವು ಎತ್ತಿಕೊಂಡು, ನಡುದಾರಿಯಲ್ಲಿ ನೀರಾಗಿ ಇಳಿಯದಂತೆ ಬಿಸಿಯಾಗಿರಿಸಿದ ಸೂಕ್ಷ್ಮನಳಿಕೆಯ ಮೂಲಕ ರೋಹಿತಮಾಪಕಕ್ಕೆ ತಲುಪಿಸುವುದು. ತುಲೆಯು ಎಷ್ಟೆಂದು ಬರೆಯುವುದು, ರೋಹಿತವು ಏನೆಂದು ಬರೆಯುವುದು, ಎರಡೂ ಒಂದೇ ಗಳಿಗೆಯಲ್ಲಿ.

ಈ ಯಂತ್ರವು ನೆಟ್ಟಗಿದೆಯೇ ಎಂದು ನೋಡಲು ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಬಳಸುವ ಪದಾರ್ಥವೂ ಸುಣ್ಣದ ಬಳಗದ್ದೇ, ಕ್ಯಾಲ್ಸಿಯಂ ಆಕ್ಸಲೇಟು. ಕಾಯಿಸುತ್ತ ಹೋದಂತೆ ಅದು ಮೊದಲು ತನ್ನ ತೂಕದಲ್ಲಿ ನೂರಕ್ಕೆ 12.3ರಷ್ಟು ನೀರನ್ನೂ, ಬಳಿಕ 19.2ರಷ್ಟು ಇಂಗಾಲದ ಮಾನಾಕ್ಸೈಡನ್ನೂ, ಕೊನೆಗೆ 30.1ರಷ್ಟು ಇಂಗಾಲದ ಡೈ ಆಕ್ಸೈಡನ್ನೂ ಮೂರು ಮೆಟ್ಟಿಲುಗಳಲ್ಲಿ ಬಿಡುತ್ತದೆ. ರೋಹಿತದಲ್ಲಿ 18, 28, 44 ಎಂಬ ಭಾರಗಳು ಅದೇ ಕ್ರಮದಲ್ಲಿ ತಲೆಯೆತ್ತುತ್ತವೆ. ಇಲ್ಲಿಯೂ ಮೋಸಹೋಗುವ ಎಡೆಯುಂಟು. ಸಾರಜನಕದ ಅಣುವಿನ ಭಾರವೂ 28 ಆದುದರಿಂದ, ಸಾರಜನಕವನ್ನೇ ವಾಹಕವಾಗಿ ಹರಿಯಿಸಿದವನ ಕಣ್ಣಿಗೆ ಮಾನಾಕ್ಸೈಡು ಮರೆಯಾಗಿಬಿಡುತ್ತದೆ. ಅವಕೆಂಪು ಕಿರಣಕ್ಕಾದರೋ ಸಾರಜನಕವು ಕಾಣುವುದೇ ಇಲ್ಲ, ಮಾನಾಕ್ಸೈಡು ಸ್ಪಷ್ಟವಾಗಿ ಕಾಣುತ್ತದೆ.

ಹಳೆಯ ಗಾರೆಗಳನ್ನು ಹೀಗೆ ಕಾಯಿಸಿ ನೋಡುವ ಕೆಲಸವು ಮೆಡಿಟರೇನಿಯನ್ ಸೀಮೆಯಲ್ಲಿ ಹೆಚ್ಚಾಗಿ ನಡೆದಿದೆ. ಅಥೆನ್ಸಿನ ಮೊರೊಪೌಲೂ ಮತ್ತು ಅವರ ಸಹೋದ್ಯೋಗಿಗಳು ಪ್ರಾಚೀನ ಹಾಗೂ ಬೈಜಾಂಟೈನ್ ಗಾರೆಗಳನ್ನು ಕುರಿತು 1995ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಬಗೆಯದು. ಅಲ್ಲಿ ರೂಢಿಗೆ ಬಂದ ಲೆಕ್ಕ ಸುಲಭವಾದುದು: 120 ಡಿಗ್ರಿಯೊಳಗೆ ಹೋಗುವುದು ಬರಿಯ ತೇವ, 200ರಿಂದ 600ರವರೆಗೆ ಹೋಗುವುದು ರಾಸಾಯನಿಕವಾಗಿ ಬದ್ಧವಾದ ನೀರು, 600ರ ಮೇಲೆ ಹೋಗುವುದು ಇಂಗಾಲದ ಡೈ ಆಕ್ಸೈಡು. ಕೊನೆಯ ಎರಡರ ಪ್ರಮಾಣವನ್ನು ಹೋಲಿಸಿದರೆ ಗಾರೆಯು ಶುದ್ಧ ಸುಣ್ಣದ್ದೋ, ನೀರಿನಲ್ಲಿ ಗಟ್ಟಿಯಾಗುವ ಜಾತಿಯದೋ ತಿಳಿಯುತ್ತದೆ. ಬೀದರ, ಜಹೀರಾಬಾದುಗಳ ಕಡೆಗೆ ಈ ಲೆಕ್ಕವನ್ನು ಹಾಗೆಯೇ ತಂದರೆ ಮಾತ್ರ ಎಡವುವ ಸಂಭವವಿದೆ. ಜಂಬಿಟ್ಟಿಗೆಯಲ್ಲಿ ಗೋಥೈಟ್ ಮತ್ತು ಗಿಬ್ಸೈಟ್ ಎಂಬ ಕಬ್ಬಿಣ, ಅಲ್ಯೂಮಿನಿಯಂಗಳ ಖನಿಜಗಳುಂಟು. ಇವು ತಮ್ಮ ನೀರನ್ನು ಬಿಡುವುದು ಸುಮಾರು 250ರಿಂದ 350 ಡಿಗ್ರಿಯ ನಡುವೆ. ಬೆಲ್ಲವಾಗಲಿ ಬಿಲ್ವದ ಅಂಟಾಗಲಿ ಗಾರೆಯಲ್ಲಿ ಉಳಿದಿದ್ದರೆ ಅದು ಕರಗಿ ಹೊಗೆಯಾಗುವುದೂ ಹೆಚ್ಚುಕಡಿಮೆ ಅಲ್ಲಿಯೇ. ಕಂಕರದ ಜೇಡಿಯಿಂದ ಹುಟ್ಟಿದ ಬಂಧಕವು ನೀರು ಬಿಡುವ ಮೇರೆಯೊಳಗೂ ಆ ಉಷ್ಣತೆ ಸೇರಿದೆ. ಕೆಂಪುಮಣ್ಣು ಬೆರೆತ ಮರಳಿನಿಂದ ಕಲಸಿದ ಗಾರೆಯೊಂದು 300 ಡಿಗ್ರಿಯಲ್ಲಿ ನೂರಕ್ಕೆ ಎರಡರಷ್ಟು ತೂಕ ಕಳೆದುಕೊಂಡಿತೆಂದು ತುಲೆ ಹೇಳಿದರೆ, ಅದು ಕೆಂಪುಮಣ್ಣಿನ ನೀರೋ, ಗೌಂಡಿಯ ಬೆಲ್ಲವೋ, ಕಂಕರದ ಬಂಧಕದ ನೀರೋ ಹೇಗೆ ನಿರ್ಣಯಿಸುವುದು? ಮೂವರು ಸಾಕ್ಷಿಗಳು ಒಂದೇ ದನಿಯಲ್ಲಿ ಕೂಗಿದಂತೆ. ಇಲ್ಲಿ ರೋಹಿತವಿಲ್ಲದೆ ಗತ್ಯಂತರವಿಲ್ಲ. 18 ಒಂದೇ ಮೂಡಿದರೆ ಖನಿಜದ ನೀರು; 18ರ ಜೊತೆಯಲ್ಲಿ 44ನೂ ಏರಿ, ಅವಕೆಂಪಿನಲ್ಲಿ ಇಂಗಾಲ ಮತ್ತು ಜಲಜನಕಗಳ ಬಂಧದ ಗುರುತೂ ಕಂಡರೆ ಜೀವಜನ್ಯ ಪದಾರ್ಥವಿತ್ತೆಂದು ಹೇಳಬಹುದು. ಅಂತೆಯೇ 500 ಡಿಗ್ರಿಯ ಆಸುಪಾಸಿನ ನೀರಿಗೂ ಎರಡು ಅರ್ಥಗಳುಂಟು: ಸುರಕಿಯ ಇಟ್ಟಿಗೆಯು ಸರಿಯಾಗಿ ಸುಡದೆ ಜೇಡಿಯು ಜೇಡಿಯಾಗಿಯೇ ಉಳಿದಿರಬಹುದು, ಇಲ್ಲವೆ ದಪ್ಪಗೋಡೆಯ ಒಡಲಿನಲ್ಲಿ ಗಾಳಿ ತಲುಪದೆ ಅರಳಿದ ಸುಣ್ಣವು ಹಾಗೆಯೇ ಕುಳಿತಿರಬಹುದು. ಇವೆರಡೂ ಬಿಡುವುದು ನೀರನ್ನೇ ಆದುದರಿಂದ ರೋಹಿತವೂ ಇಲ್ಲಿ ಮೂಕ. ಕ್ಷಕಿರಣಗಳ ಸಾಕ್ಷ್ಯವನ್ನು ಬೇರೆಯಾಗಿ ತರಿಸಬೇಕು. ಯಂತ್ರವನ್ನು ಕೊಂಡ ಮಾತ್ರಕ್ಕೆ ಎಲ್ಲವೂ ತಿಳಿದುಬಿಡುವುದೆಂದು ನಂಬುವವರು ಇದನ್ನು ಗಮನಿಸತಕ್ಕದ್ದು.

ಇನ್ನು ಆ ಬೇಯದ ಗಟ್ಟಿಗಳ ವಿಷಯ. ಗಾರೆಯು ಗಟ್ಟಿಯಾಗುವಾಗ ಹೀರುವುದು ಕಟ್ಟಡವೆದ್ದ ಕಾಲದ ಗಾಳಿಯನ್ನು. ಆ ಗಾಳಿಯೊಡನೆ ಅಂದಿನ ವಿಕಿರಣಶೀಲ ಇಂಗಾಲವೂ ಗೋಡೆಯೊಳಗೆ ಸೆರೆಯಾಗುತ್ತದೆ. ಅದನ್ನು ಹೊರಡಿಸಿ ಎಣಿಸಿದರೆ ಕಟ್ಟಡದ ವಯಸ್ಸು ತಿಳಿಯಬೇಕಲ್ಲವೇ ಎಂದು ಫ್ರಾನ್ಸಿನ ಲಾಬೆಯ್ರಿ ಮತ್ತು ದೆಲಿಬ್ರಿಯಾ 1964ರಲ್ಲಿ ಪ್ರಯತ್ನಿಸಿ ತೋರಿಸಿದರು. ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳ ಮಧ್ಯಯುಗದ ಇಗರ್ಜಿಗಳಲ್ಲಿ ಈ ವಿಧಾನವು ವರ್ಷಗಟ್ಟಲೆ ಪರೀಕ್ಷೆಗೊಳಗಾಯಿತು. ತೊಡಕು ಭಟ್ಟಿಯಲ್ಲಿದೆ. ಅರ್ಧ ಬೆಂದ ಗಟ್ಟಿಯಲ್ಲಿರುವುದು ಪುರಾತನ ಸಮುದ್ರದ ಇಂಗಾಲ. ಅದರ ವಿಕಿರಣವು ಎಂದೋ ನಂದಿಹೋಗಿದೆ. ಅಂಥ ಮೃತ ಇಂಗಾಲವು ನೂರಕ್ಕೆ ಒಂದು ಪಾಲು ಬೆರೆತರೆ ವಯಸ್ಸು ಸುಮಾರು 80 ವರ್ಷ ಹೆಚ್ಚಾಗಿ ತೋರುವುದು, ಹತ್ತು ಪಾಲು ಬೆರೆತರೆ ಎಂಟು ಶತಮಾನಗಳಿಗೂ ಮೀರಿ. ಕಟ್ಟಿಗೆ ಉಳಿಸಲೆಂದು ಬೆಂಕಿಯನ್ನು ಬೇಗ ಆರಿಸಿ ಜರಡಿ ಹಿಡಿಯದೆ ಹೋದ ಸುಣಗಾರನೊಬ್ಬನ ಆತುರದಿಂದ ಬರೀದಶಾಹಿ ಗೋರಿಯೊಂದು ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಜಾರಬಹುದು. ಇದಕ್ಕೆ ಹೂಡುವ ಉಪಾಯಗಳಲ್ಲಿ ಒಂದು ಶಾಖದ್ದೇ. ಗಾರೆಯಲ್ಲಿ ಮರುಹುಟ್ಟು ಪಡೆದ ಸುಣ್ಣಕಲ್ಲು ಅತಿ ಸೂಕ್ಷ್ಮವಾದ ಕಣಗಳದು, ಆದುದರಿಂದ ಹರಿಯುವ ಅನಿಲದಲ್ಲಿ ಕೊಂಚ ಕಡಿಮೆಯ ಉಷ್ಣತೆಯಲ್ಲಿಯೇ ತನ್ನ ಉಸಿರನ್ನು ಬಿಡುತ್ತದೆ. ಭೂಗರ್ಭದ ಗಡುಸು ಗಟ್ಟಿಯು ತಡಮಾಡುತ್ತದೆ. 44ರ ಏರಿಳಿತವನ್ನು ರೋಹಿತದಲ್ಲಿ ನೋಡುತ್ತಿದ್ದು, ಮೊದಲು ಹೊರಟ ಪಾಲನ್ನಷ್ಟೇ ಹಿಡಿದು ಎಣಿಕೆಗೆ ಕಳುಹಿಸಬೇಕು. ಎರಡು ಅಲೆಗಳು ಒಂದರೊಳಗೊಂದು ಬೆರೆಯುವುದುಂಟಾದ್ದರಿಂದ, ವಯಸ್ಸು ಮೊದಲೇ ಖಚಿತವಾಗಿ ತಿಳಿದಿರುವ ಗೋಡೆಯ ಮೇಲೆ ವಿಧಾನವನ್ನು ಒರೆಹಚ್ಚಿ ನೋಡುವುದು ಅವಶ್ಯಕ. ಬೀದರ ಕೋಟೆಯೊಳಗಿನ ಸೋಲಾ ಖಂಬ ಮಸೀದಿಯ ಶಾಸನವು ಅದರ ಕಾಲವನ್ನು 1423–24 ಎಂದು ಹೇಳುತ್ತದೆ. ಈ ಸೀಮೆಯ ಗಾರೆಗಳನ್ನು ಓದಹೊರಡುವವರು ತೊಡಗಬೇಕಾದದ್ದು ಆ ಗೋಡೆಯ ಒಂದು ಚಿಟಿಕೆ ಪುಡಿಯಿಂದ.